ಕಲಿಕೆಯ ಹೆಸರಲ್ಲಿ ಬಿಟ್ಟಿ ದುಡಿಮೆ

ಪರೀಕ್ಷೆ ಮುಗಿದ ದಿನಗಳಲ್ಲಿ ಹಾಸ್ಟೆಲುಗಳಲ್ಲಿ ಕೇಳಿಬರುವ ಮಾತೊಂದಿದೆ: 'ಏನೂ ಸಿಗದಿದ್ರೆ ಲಾರಿ ಹತ್ತಿದರಾಯ್ತು.' ಇದನ್ನು ಸೋತವರ ಮಾತು ಅಂತ ನಾವು ತಿಳಿಯುವುದಿಲ್ಲ. ಲೋಡು ತುಂಬಿದ ಹತ್ತು ಚಕ್ರದ ಗಾಡಿಯನ್ನು ಮಳೆಗಾಲದಲ್ಲಿ ಶಿರಾಡಿ ಘಾಟಿ ಇಳಿಸುವವನ ಕಸುಬು ಯಾವ ಗುಮಾಸ್ತನ ಕಸುಬಿಗೂ ಕಡಿಮೆಯದಲ್ಲ. ಲಾರಿ ಹತ್ತುವವನು ನಾಚಿಕೊಳ್ಳಬೇಕಿಲ್ಲ. 'ನೀನಿನ್ನೂ ಕಲಿಯೋನು ಕಣಯ್ಯ' ಅಂತ ಹೇಳಿ ಅವನನ್ನು ವರ್ಷಗಟ್ಟಲೆ ಊಟದ ಕಾಸಿಗೆ ದುಡಿಸಿಕೊಳ್ಳುವವನು ನಾಚಿಕೊಳ್ಳಬೇಕು. ದೂರದ ಲಾರಿಗೆ ಹೊಸದಾಗಿ ಹೋಗುವ ಹುಡುಗ ಏನು ಕಲಿಯಬೇಕು, ಕಲಿಯುವಾಗ ಅವನಿಗೆ ಏನು ಸಿಗಬೇಕು ಎಂಬುದೇ ಈ ಸಲದ ನಮ್ಮ ಮಾತು.

ನಮ್ಮಲ್ಲಿ ಲಾರಿ ಕಲಿಸುವ ಶಾಲೆ ಬಹುಕಾಲದಿಂದ ಕ್ಲೀನರ್ ಸೀಟೇ. ಹುಡುಗ ಮೊದಲು ಗಾಜು ಒರೆಸುತ್ತಾನೆ. ಟಯರು ತಟ್ಟಿ ನೋಡುತ್ತಾನೆ. ಟಾರ್ಪಾಲು ಎಳೆದು ಹಗ್ಗ ಬಿಗಿಯುತ್ತಾನೆ. ರಿವರ್ಸ್ ತೆಗೆಯುವಾಗ ಹಿಂದೆ ನಿಂತು 'ಬರಲಿ ಬರಲಿ' ಅಂತ ಕೂಗುತ್ತಾನೆ. ರಾತ್ರಿ ಡೀಸೆಲ್ ಕಾಯುತ್ತಾನೆ. ವರ್ಷವೋ ಎರಡು ವರ್ಷವೋ ಕಳೆದ ಮೇಲೆ, ಖಾಲಿ ರಸ್ತೆ ಸಿಕ್ಕಾಗ ಡ್ರೈವರು ಅವನ ಕೈಗೆ ಸ್ಟೇರಿಂಗ್ ಕೊಡುತ್ತಾನೆ. ಹೀಗೆ ಕಲಿತವರು ಕಸುಬನ್ನು ಚೆನ್ನಾಗಿಯೇ ಕಲಿತಿದ್ದಾರೆ, ಕಲಿಸಿದ ಡ್ರೈವರುಗಳ ಋಣ ದೊಡ್ಡದು. ಆದರೆ ಲೈಸೆನ್ಸ್ ಇಲ್ಲದೆ ಓಡಿಸುವಾಗ ಅಪಘಾತವಾದರೆ ಕೇಸು ಬೀಳುವುದು ಹುಡುಗನ ತಲೆಗೇ. ಇನ್ನು ಲೆಕ್ಕಕ್ಕೆ ಬನ್ನಿ. ಆ ಎರಡು ವರ್ಷ ಮಾಲೀಕನ ಗಾಡಿ ಕಾದವನು ಯಾರು? ಅದಕ್ಕೆ ಸಂಬಳ ಎಷ್ಟು? ಕೇಳಿದರೆ, 'ಕೆಲಸ ಕಲಿಸ್ತಿಲ್ವಾ, ಅದೇ ಸಂಬಳ' ಅನ್ನುತ್ತಾರೆ.

ಬಿಟ್ಟಿ ಚಾಕರಿ ಅಂದರೇನು ಎಂದು ನಮ್ಮ ಅಪ್ಪ ಅಜ್ಜಂದಿರಿಗೆ ಯಾರೂ ಹೇಳಿಕೊಡಬೇಕಿಲ್ಲ. ಗೌಡರ ಹೊಲದಲ್ಲಿ ಅದಕ್ಕೆ ಸಂಪ್ರದಾಯ ಅಂತ ಹೆಸರಿತ್ತು. ಲಾರಿಯ ಕ್ಯಾಬಿನ್ನಿನಲ್ಲಿ ಅದಕ್ಕೆ ಕಲಿಕೆ ಅಂತ ಹೆಸರು.

ಕಾಯ್ದೆ ಹೇಳುವ ದಾರಿ ಬೇರೆಯೇ ಇದೆ. 18 ತುಂಬಿದ ಮೇಲೆ ಕಾರು, ಜೀಪಿನಂಥ ಲಘು ವಾಹನದ ಲೈಸೆನ್ಸ್. ಅದು ಕೈಗೆ ಬಂದು ಕನಿಷ್ಠ ಒಂದು ವರ್ಷ ಆಗಿರಬೇಕು, ವಯಸ್ಸು 20 ತುಂಬಿರಬೇಕು. ಆಮೇಲೆ ಹೆವಿ ಗಾಡಿಯ ಮಾತು. ಎಂಟನೇ ತರಗತಿ ಪಾಸಾಗಿರಬೇಕು ಎಂಬ ಷರತ್ತನ್ನು 2019ರಲ್ಲಿ ತೆಗೆದುಹಾಕಿದರು. 2021ರ ಜುಲೈನಿಂದ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳ ನಿಯಮ ಜಾರಿಯಲ್ಲಿದೆ. ಅಲ್ಲಿ ಹೆವಿ ಗಾಡಿಗೆ 6 ವಾರ, ಒಟ್ಟು 38 ಗಂಟೆಯ ತರಬೇತಿ. ಪಾಸಾದವನು ಆರ್‌ಟಿಓ ಮುಂದೆ ಗಾಡಿ ಓಡಿಸಿ ತೋರಿಸಬೇಕಾಗಿಲ್ಲ.

ಈ 38 ಗಂಟೆ ಎಷ್ಟರದ್ದು? ಬೆಂಗಳೂರಿನಿಂದ ದಿಲ್ಲಿಗೆ ಹೆಚ್ಚುಕಡಿಮೆ 2,150 ಕಿಲೋಮೀಟರು. ಗಂಟೆಗೆ ಸರಾಸರಿ 40 ಕಿಲೋಮೀಟರು ಹಿಡಿದರೂ ಸ್ಟೇರಿಂಗ್ ಮೇಲೆಯೇ 54 ಗಂಟೆ ಬೇಕು. ಅಂದರೆ ಸರ್ಟಿಫಿಕೇಟ್ ಹಿಡಿದು ಹೊರಬಂದ ಹುಡುಗ ಕಲಿತ ಹೊತ್ತು ಒಂದು ದಿಲ್ಲಿ ಟ್ರಿಪ್ಪಿನ ಒಮ್ಮುಖ ಪ್ರಯಾಣಕ್ಕೂ ಸಾಲದು. ಘಾಟಿ ಇಳಿಯುವಾಗ ಬ್ರೇಕ್ ಕಾಯದ ಹಾಗೆ ಗೇರಿನಲ್ಲೇ ಗಾಡಿ ಹಿಡಿಯುವುದು, ಮಂಜು ಮುಸುಕಿದ ರಾತ್ರಿ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದು, ಲೋಡು ಒಂದು ಕಡೆ ವಾಲಿದ್ದನ್ನು ಸ್ಟೇರಿಂಗಿನಲ್ಲೇ ಗುರುತಿಸುವುದು, ಇವೆಲ್ಲ ಪಳಗಿದ ಡ್ರೈವರನ ಪಕ್ಕ ತಿಂಗಳುಗಟ್ಟಲೆ ಕೂತರೇ ಬರುವಂಥದ್ದು. ಆದ್ದರಿಂದ ರಸ್ತೆಯ ಮೇಲಿನ ಕಲಿಕೆ ಮಾಲೀಕ ಮಾಡುವ ಉಪಕಾರವಲ್ಲ. ಅದು ಕೆಲಸದ ಒಂದು ಭಾಗ.

ಆ ಪಕ್ಕದ ಸೀಟೇ ಈಗ ಖಾಲಿಯಾಗುತ್ತಿದೆ. ನ್ಯಾಷನಲ್ ಪರ್ಮಿಟ್ ಲಾರಿಯಲ್ಲಿ ಇಬ್ಬರು ಡ್ರೈವರುಗಳಿರಬೇಕು ಎಂಬ ನಿಯಮವಿತ್ತು. ಎಷ್ಟೋ ಕಡೆ ಅದು ಕಾಗದದ ಮೇಲೆಯೇ ಇತ್ತು ಅನ್ನಿ. 2018ರಲ್ಲಿ ಕಾಗದದಿಂದಲೂ ಅಳಿಸಿದರು. ಮಾಲೀಕನಿಗೆ ಒಂದು ಸಂಬಳ ಉಳಿಯಿತು. ಹೊಸಬನಿಗೆ ಕೂತು ಕಲಿಯುವ ಜಾಗ ಹೋಯಿತು. ಹಳಬನಿಗೆ ಕಣ್ಣು ಮುಚ್ಚುವ ಹೊತ್ತು ಹೋಯಿತು. ದಿನಕ್ಕೆ 8 ಗಂಟೆಯಂತೆ ಓಡಿಸಿದರೆ ದಿಲ್ಲಿಗೆ ಸುಮಾರು ಏಳು ದಿನ. ನಾಲ್ಕೇ ದಿನದಲ್ಲಿ ಮುಟ್ಟಿಸು ಅಂದರೆ ದಿನಕ್ಕೆ ಹದಿಮೂರೂವರೆ ಗಂಟೆ, ಅದೂ ಒಬ್ಬನೇ. ನಿದ್ದೆಗೆಟ್ಟ ಡ್ರೈವರು ಗಾಡಿ ಗುದ್ದಿದರೆ ಪತ್ರಿಕೆಯವರು 'ಚಾಲಕನ ನಿರ್ಲಕ್ಷ್ಯ' ಅಂತ ಬರೆಯುತ್ತಾರೆ. ಯಾರ ನಿರ್ಲಕ್ಷ್ಯ?

ಇನ್ನು ಸಂಬಳ. ಕೆಲಸಕ್ಕೆ ಕರೆಯುವಾಗ ಎಲ್ಲ ಸೇರಿಸಿ ದೊಡ್ಡ ಮೊತ್ತ ಹೇಳುತ್ತಾರೆ. ಅದನ್ನು ಬಿಡಿಸಿ ನೋಡಿ. ಒಂದು, ತಿಂಗಳ ಸಂಬಳ. ಎರಡು, ದಿನಕ್ಕೋ ಟ್ರಿಪ್ಪಿಗೋ ಕೊಡುವ ಬಾಟಾ. ಮೂರು, ದಾರಿ ಖರ್ಚಿನ ಅಡ್ವಾನ್ಸು: ಡೀಸೆಲ್, ಹಮಾಲಿ, ಪಂಕ್ಚರು, ಕೈ ಚಾಚಿ ನಿಂತವರ ಮಾಮೂಲು. ನಾಲ್ಕು, ಡೀಸೆಲ್ ಉಳಿಸಿದರೆ ಸಿಗುವ ಇನಾಮು. ಇವುಗಳಲ್ಲಿ ಸಂಬಳ ಅನ್ನುವುದು ಮೊದಲನೆಯದು ಮಾತ್ರ. ಬಾಟಾ ಹೊಟ್ಟೆಗೆ ಹೋಗುತ್ತದೆ, ಅಡ್ವಾನ್ಸು ಗಾಡಿಗೆ ಹೋಗುತ್ತದೆ, ಇನಾಮು ಬಂದರೆ ಬಂತು. ಟ್ರಿಪ್ ಲೆಕ್ಕದಲ್ಲೇ ದುಡ್ಡು ಕೊಡುವ ಕಡೆ ಗೋಡೌನಿನ ಮುಂದೆ ಮೂರು ದಿನ ಗಾಡಿ ನಿಂತರೆ ಆ ಮೂರು ದಿನ ಡ್ರೈವರನ ಬಾಳಿನಲ್ಲಿ ಇರಲೇ ಇಲ್ಲ ಅನ್ನುವಂತೆ ಲೆಕ್ಕ ಹಾಕುತ್ತಾರೆ. ಸಾಲದ್ದಕ್ಕೆ ಟಯರು ಸಿಡಿದರೆ ಕಡಿತ, ಸರಕು ನೆನೆದರೆ ಕಡಿತ, ಓವರ್‌ಲೋಡಿನ ದಂಡಕ್ಕೂ ಕಡಿತ. ಓವರ್‌ಲೋಡ್ ಮಾಡಿಸಿದವನು ಯಾರು ಅಂತ ಯಾರೂ ಕೇಳುವುದಿಲ್ಲ.

ಕಾನೂನು ಏನನ್ನುತ್ತದೆ? 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂದಿತ್ತು. ದೂರದ ದಾರಿಗೆ ಅನುಮತಿ ಪಡೆದರೂ ದಿನಕ್ಕೆ 10, ವಾರಕ್ಕೆ 54 ಮೀರಕೂಡದು ಅಂದಿತ್ತು. 5 ಜನ ಕೆಲಸಗಾರರಿದ್ದ ಸಂಸ್ಥೆಗೂ ಅದು ಅನ್ವಯಿಸುತ್ತಿತ್ತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಕಾಯ್ದೆ ಹೋಯಿತು. ಹೊಸ ಸಂಹಿತೆಯಲ್ಲೂ 8 ಗಂಟೆ ಇದೆ, ನೇಮಕಾತಿ ಪತ್ರ ಕೊಡಲೇಬೇಕು ಎಂಬುದೂ ಇದೆ. ಆದರೆ ಅದು 10 ಜನ ಕೆಲಸಗಾರರಿರುವ ಸಂಸ್ಥೆಗೆ. ಒಂದೆರಡು ಲಾರಿ ಇಟ್ಟವನ ಬಳಿ ಹತ್ತು ಜನ ಎಲ್ಲಿರುತ್ತಾರೆ?

ಕೈಗೆ ಸಿಗುವ ಹಗ್ಗ ವೇತನ ಸಂಹಿತೆಯದು. ಅದರಲ್ಲಿ ಇಷ್ಟು ಜನ ಇದ್ದರೆ ಮಾತ್ರ ಕನಿಷ್ಠ ವೇತನ ಎಂಬ ಷರತ್ತಿಲ್ಲ. ಒಂದೇ ಲಾರಿಯ ಮಾಲೀಕನೂ ಕನಿಷ್ಠ ವೇತನ ಕೊಡಬೇಕು. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಕೈ ಸೇರಬೇಕು. ಕೆಲಸ ಬಿಟ್ಟವನಿಗೆ ಎರಡು ಕೆಲಸದ ದಿನಗಳೊಳಗೆ ಲೆಕ್ಕ ತೀರಿಸಬೇಕು. ನಷ್ಟದ ಹೆಸರಲ್ಲಿ ಕಡಿತ ಮಾಡುವ ಮುಂಚೆ ಕೆಲಸಗಾರನ ವಿವರಣೆ ಕೇಳಬೇಕು. ಎಲ್ಲ ಕಡಿತ ಸೇರಿದರೂ ಸಂಬಳದ ಅರ್ಧ ದಾಟಬಾರದು. ಇನ್ನೊಂದು ಮಾತನ್ನು ಚೆನ್ನಾಗಿ ನೆನಪಿಡಿ. ಸಂಹಿತೆ ಹೊರಗಿಟ್ಟಿರುವುದು ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಒಪ್ಪಂದವಾದ ಅಪ್ರೆಂಟಿಸನನ್ನು ಮಾತ್ರ. ಬಾಯಿಮಾತಿನಲ್ಲಿ 'ಕಲಿಯೋನು' ಅಂದ ಮಾತ್ರಕ್ಕೆ ಕೂಲಿ ತಪ್ಪಿಸಲು ಬರುವುದಿಲ್ಲ. ಟಾರ್ಪಾಲು ಎಳೆದವನು ಕೆಲಸಗಾರನೇ.

ಮಾಲೀಕರಿಗೂ ಕಷ್ಟವಿದೆ, ಇಲ್ಲವೆನ್ನುವುದಿಲ್ಲ. 2025ರ ಏಪ್ರಿಲಿನಲ್ಲಿ ಕರ್ನಾಟಕದ ಲಾರಿ ಮಾಲೀಕರು ಡೀಸೆಲ್ ಬೆಲೆ, ಟೋಲುಗಳ ವಿರುದ್ಧ ಮುಷ್ಕರ ಹೂಡಿದರು. ಅವರಲ್ಲಿ ಸಾಲದ ಕಂತಿಗೆ ಹೆದರಿ ತಾವೇ ಗಾಡಿ ಓಡಿಸುವವರೂ ಇದ್ದಾರೆ. ಆದರೆ ಬಾಡಿಗೆ ಕಡಿಮೆಯಾಯಿತು ಅಂತ ಡೀಸೆಲ್ ಬಂಕಿನವನು ಸಾಲ ಮನ್ನಾ ಮಾಡುವುದಿಲ್ಲ, ಟೋಲಿನವನು ಬಿಡುವುದಿಲ್ಲ, ಬ್ಯಾಂಕಿನವನು ಬಿಡುವುದಿಲ್ಲ. ಕೊನೆಗೆ ಉಳಿಯುವವನು ಒಬ್ಬನೇ, ಕ್ಯಾಬಿನ್ನಿನೊಳಗಿನ ಹುಡುಗ. ಎಲ್ಲರ ನಷ್ಟವೂ ಅವನ ಹೊಟ್ಟೆಯಲ್ಲಿ ತುಂಬಬೇಕೇ?

ಆದ್ದರಿಂದ ಲಾರಿ ಹತ್ತುವ ಗೆಳೆಯರೇ, ಹತ್ತುವ ಮುಂಚೆ ಕೇಳಿ. ಸಂಬಳ ಎಷ್ಟು, ಬಾಟಾ ಎಷ್ಟು? ಗಾಡಿ ನಿಂತ ದಿನಕ್ಕೆ ಏನು? ಜೊತೆಗೆ ಹಳೇ ಡ್ರೈವರು ಎಷ್ಟು ತಿಂಗಳು ಇರುತ್ತಾರೆ? ಇನ್ಶೂರೆನ್ಸ್, ಎಫ್‌ಸಿ ಊರ್ಜಿತದಲ್ಲಿವೆಯೇ? ಉತ್ತರವನ್ನು ಒಂದು ಚೀಟಿಯ ಮೇಲಾದರೂ ಬರೆಸಿಕೊಳ್ಳಿ. ಪ್ರತಿ ಟ್ರಿಪ್ಪಿನ ತಾರೀಖು, ಕಿಲೋಮೀಟರು, ಕೊಟ್ಟ ದುಡ್ಡು, ಖರ್ಚು ಎಲ್ಲ ನಿಮ್ಮದೇ ನೋಟ್ ಪುಸ್ತಕದಲ್ಲಿ ಇರಲಿ. ಓದು ಕಲಿತದ್ದು ಇಂಥ ಕಡೆ ಉಪಯೋಗಕ್ಕೆ ಬರಲಿ. ಒರಿಜಿನಲ್ ಲೈಸೆನ್ಸನ್ನು ಯಾರ ಬಳಿಯೂ ಒತ್ತೆ ಇಡಬೇಡಿ. ಅಡ್ವಾನ್ಸ್ ಕೊಟ್ಟು ಸಾಲ ತೀರುವ ತನಕ ಬಿಟ್ಟುಹೋಗಬಾರದು ಎಂದು ಕಟ್ಟಿಹಾಕುವುದು ಜೀತ. ಅದನ್ನು 1976ರ ಕಾಯ್ದೆ ನಿಷೇಧಿಸಿದೆ.

ಸರ್ಕಾರಕ್ಕೂ ನಮ್ಮ ಮಾತಿದೆ. ರಾಜ್ಯದ ಸಾರಿಗೆ ನಿಗಮಗಳ ತರಬೇತಿ ಕೇಂದ್ರಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದ ಯುವಕರಿಗೆ ಉಚಿತವಾಗಿ ಹೆವಿ ಗಾಡಿ ಕಲಿಸಿದ್ದುಂಟು. ಅದು ಒಳ್ಳೆಯ ಕೆಲಸ. ಅಷ್ಟಕ್ಕೇ ನಿಲ್ಲಬಾರದು. ಲೈಸೆನ್ಸ್ ಕೈಗಿಟ್ಟು ರಸ್ತೆಗೆ ಬಿಡುವ ಬದಲು, ಮೊದಲ ಆರು ತಿಂಗಳು ಪಳಗಿದ ಡ್ರೈವರನ ಜೊತೆ ಪೂರ್ತಿ ಸಂಬಳದ ಮೇಲೆ ಕೂರುವ ವ್ಯವಸ್ಥೆಯಾಗಬೇಕು, ಕಲಿಸುವ ಡ್ರೈವರನಿಗೂ ಅದಕ್ಕೆ ದುಡ್ಡು ಸಿಗಬೇಕು. ದೂರದ ಲಾರಿಗೆ ಎರಡನೇ ಡ್ರೈವರು ಬೇಕು ಎಂಬ ನಿಯಮ ವಾಪಸ್ ಬರಬೇಕು. ಸಾರಿಗೆ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದು ರಾಜ್ಯ 2024ರಲ್ಲಿ ಮಾಡಿದ ಕಾಯ್ದೆಯ ನೆರಳು ಕ್ಲೀನರ್ ಸೀಟಿನ ಹುಡುಗನ ತನಕ ಬರಬೇಕು.

ಇದೆಲ್ಲ ಕೇಳಿದರೆ ಸಿಗುತ್ತದೆಯೇ? ಅಪಘಾತ ಮಾಡಿ ತಿಳಿಸದೆ ಹೋದವನಿಗೆ 10 ವರ್ಷದವರೆಗೆ ಜೈಲು ಎನ್ನುವ ಕಲಮಿನ ವಿರುದ್ಧ 2024ರ ಜನವರಿಯಲ್ಲಿ ದೇಶದ ಅನೇಕ ಕಡೆ ಡ್ರೈವರುಗಳು ಗಾಡಿ ನಿಲ್ಲಿಸಿ ಕೆಳಗಿಳಿದರು. ಅದೇ ವರ್ಷ ಜುಲೈ 1ರಂದು ಹೊಸ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಆ ಒಂದು ಉಪಕಲಮನ್ನು ತಡೆಹಿಡಿದರು. ಜೈಲಿನ ಭಯಕ್ಕೆ ಆದ ಒಗ್ಗಟ್ಟು ಕೂಲಿಗೂ ಆಗಬೇಕು. ಒಬ್ಬ ಹುಡುಗ ಕೇಳಿದರೆ 'ಇಳಿ ಕೆಳಗೆ' ಅನ್ನುತ್ತಾರೆ. ಸ್ಟ್ಯಾಂಡಿನಲ್ಲಿರುವ ನೂರು ಹುಡುಗರೂ ಕೇಳಿದರೆ ಯಾರನ್ನು ಇಳಿಸುತ್ತಾರೆ?