ತೆಪ್ಪ ನಿಂತ ದಿನ



ಪ್ರವಾಸ ಎಂದರೆ ನಲ್ಲಂಪಳ್ಳಿ ಕಡೆಯ ನಮಗೆ ಮೊದಲು ನೆನಪಾಗುವುದು ಹೊಗೆನಕಲ್. ಧರ್ಮಪುರಿಯಿಂದ ಸುಮಾರು 46 ಕಿ.ಮೀ. ಕಾವೇರಿಯ ಹನಿಗಳು ಹೊಗೆಯಂತೆ ಏಳುವ ಕಲ್ಲು. ಹೆಸರೇ ನಮ್ಮ ಕನ್ನಡದ್ದು. ಎಣ್ಣೆ ತಿಕ್ಕಿಸಿಕೊಂಡು ಸ್ನಾನ, ತೆಪ್ಪದ ಸವಾರಿ, ಬಿಸಿಬಿಸಿ ಹುರಿದ ಮೀನು. ಇನ್ನೇನು ಬೇಕು?

ಆದರೆ ಮಳೆಗಾಲದಲ್ಲಿ ಕಬಿನಿ, ಕೆಆರ್‌ಎಸ್ ತುಂಬಿ ನೀರು ಬಿಟ್ಟಾಗ ಇಲ್ಲಿ ಹೊಳೆ ಉಕ್ಕುತ್ತದೆ. ಜಿಲ್ಲಾಡಳಿತ ಸ್ನಾನವನ್ನೂ ತೆಪ್ಪವನ್ನೂ ನಿಲ್ಲಿಸುತ್ತದೆ. ಆಗಲೂ "ಇಷ್ಟು ದೂರ ಬಂದಿದ್ದೀವಿ, ಒಂದೇ ಸುತ್ತು ಅಣ್ಣಾ, ದೇವರು ಕಾಪಾಡ್ತಾನೆ" ಎಂದು ಅಂಬಿಗರನ್ನು ಕಾಡುವವರು ನಮ್ಮಲ್ಲೂ ಇದ್ದಾರೆ.

ಇದು ವಿಶ್ವಾಸವಲ್ಲ. ದೇವಾಲಯದ ಶಿಖರದಿಂದ ಧುಮುಕು ಎಂದ ಸೈತಾನನ ಮಾತಿಗೆ ಯೇಸು ಒಪ್ಪಲಿಲ್ಲ. ದೇವರನ್ನು ಪರೀಕ್ಷಿಸಬಾರದು ಎಂದರು. ತೆಪ್ಪ ಮಗುಚಿದರೆ ಮುಳುಗುವವರು ನಾವಷ್ಟೇ ಅಲ್ಲ, ಹುಟ್ಟು ಹಾಕುವ ಅಣ್ಣನೂ ಹೌದು.

ತೆಪ್ಪ ನಿಂತ ದಿನ ಅವರಿಗೆ ಕೂಲಿಯೂ ಇಲ್ಲ. ಅದನ್ನೂ ನೆನೆಯೋಣ. ಅಂದು ದೂರದಿಂದಲೇ ಹೊಳೆ ನೋಡಿ, ಚೌಕಾಸಿ ಮಾಡದೆ ಮೀನು ಕೊಂಡು ತಿಂದು, ಪ್ಲಾಸ್ಟಿಕ್ ಬಿಸಾಡದೆ ಮರಳೋಣ. ನೀರು ಇಳಿದ ಮೇಲೆ ಮತ್ತೆ ಹೋಗೋಣ: ಮೈಮೇಲೆ ಲೈಫ್ ಜಾಕೆಟ್, ಅಂಬಿಗರ ಕೈಗೆ ಪೂರ್ತಿ ಕೂಲಿ. ಸೃಷ್ಟಿಕರ್ತನಿಗೆ ಸ್ತೋತ್ರ ಸಲ್ಲಿಸುವುದು ಹೀಗೂ ಆದೀತು.