ಕುಚ್ಚಲಕ್ಕಿ, ಫ್ಯಾನು ಮತ್ತು ಕರೆಂಟ್ ಬಿಲ್ಲು



ಕರೆಂಟ್ ಬಿಲ್ಲಿನ ಮೊತ್ತ ನೋಡಿ ಕಟ್ಟಿಬಿಡುತ್ತೇವೆ, ಯೂನಿಟ್ ನೋಡುವವರು ಕಡಿಮೆ. ಕರೆಂಟ್ ಕೊಡುವುದು ಬೆಸ್ಟ್ ಇರಲಿ, ಅದಾನಿ, ಟಾಟಾ, ಮಹಾವಿತರಣ ಇರಲಿ, ಮುಂಬಯಿಯಲ್ಲಿ ಮನೆಬಳಕೆಯ ದರ ತಿಂಗಳಿಗೆ 100, 300, 500 ಯೂನಿಟ್ ದಾಟಿದಂತೆಲ್ಲ ಮೆಟ್ಟಿಲೇರುತ್ತದೆ. ನಾವು ಉಳಿಸುವ ಯೂನಿಟ್ ಕಳೆಯುವುದು ಮೇಲಿನ, ದುಬಾರಿ ಮೆಟ್ಟಿಲಿನಿಂದ.

ಭಾಂಡೂಪಿನ ನಮ್ಮ ಮನೆಯಲ್ಲಿ ಎಸಿ ಇಲ್ಲ, ಖರ್ಚೆಲ್ಲ ಫ್ಯಾನಿನದು. ಈ ಸೆಕೆಗೆ ದಿನಕ್ಕೆ 16 ಗಂಟೆ ತಿರುಗುವ ಹಳೆಯ 75 ವ್ಯಾಟ್ ಫ್ಯಾನು ತಿಂಗಳಿಗೆ 36 ಯೂನಿಟ್ ತಿನ್ನುತ್ತದೆ. ಸುಮಾರು 30 ವ್ಯಾಟಿನ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನಿಗೆ 15 ಯೂನಿಟ್ ಸಾಕು. ಎರಡನ್ನು ಬದಲಿಸಿದೆವು.

ಊರು ಬಿಟ್ಟರೂ ನಿಧಾನವಾಗಿ ಬೇಯುವ ಕುಚ್ಚಲಕ್ಕಿ ಬಿಡದ ನಮಗೆ ಗ್ಯಾಸಿನದು ಇನ್ನೂ ದೊಡ್ಡ ಚಿಂತೆ. ಸೀಮೆಎಣ್ಣೆಗೆ ರೇಷನ್ ಕ್ಯೂ ನಿಲ್ಲುತ್ತಿದ್ದ ಚಾಳಿನ ದಿನಗಳಲ್ಲಿ ಅಮ್ಮ ರಾತ್ರಿಯೇ ಅಕ್ಕಿ ನೆನೆಹಾಕುತ್ತಿದ್ದರು. ಬೆಳಿಗ್ಗೆ ಚೆನ್ನಾಗಿ ಕುದಿ ಬರಿಸಿ, ಪಾತ್ರೆಯನ್ನು ಹಳೆ ಸೀರೆಯಲ್ಲಿ ಸುತ್ತಿ ಗೋಣಿಯೊಳಗೆ ಇಡುತ್ತಿದ್ದರು. ಮಧ್ಯಾಹ್ನಕ್ಕೆ ಅನ್ನ ತನ್ನ ಬಿಸಿಯಲ್ಲೇ ಅರಳಿರುತ್ತಿತ್ತು. ಈಗಿನ ಥರ್ಮಲ್ ಕುಕ್ಕರಿನದೂ ಅದೇ ಉಪಾಯ. ಪೈಪಿನಲ್ಲಿ ಗ್ಯಾಸ್ ಬಂದ ಮೇಲೆ ಸಿಲಿಂಡರ್ ಮುಗಿಯುವ ಭಯ ಹೋಯಿತು. ಕುದಿ ಬಂದೊಡನೆ ಉರಿ ಸಣ್ಣ ಮಾಡುವ ಎಚ್ಚರವೂ ಅದರ ಜತೆಗೇ ಹೋಯಿತೆಂಬ ನೋವು ನನ್ನದು.

ನಗರದ ಕನ್ನಡ ಸಂಘಗಳ ಮಹಿಳಾ ವಿಭಾಗಗಳು ಅಡುಗೆ ಸ್ಪರ್ಧೆ ಇಡುವಾಗ ಒಮ್ಮೆ ಕಡಿಮೆ ಗ್ಯಾಸಿನ ಅಡುಗೆಗೂ ಬಹುಮಾನ ಇಡಲಿ. ಹಿರಿಯ ಗೃಹಿಣಿಯರಿಂದ ಇಂಥ ಉಪಾಯಗಳನ್ನು ಬರೆಸಿ ಪತ್ರಿಕೆಯೂ ಪ್ರಕಟಿಸಬೇಕೆಂದು ವಿನಂತಿ.

– ಓರ್ವ ಗೃಹಿಣಿ, ಭಾಂಡೂಪ್, ಮುಂಬಯಿ