ಬುಟ್ಟಿಯ ಹಾವಿಗೆ ಹಾಲು ಬೇಡ
ಪಂಚಮಿಯ ಉಂಡಿ ನಮ್ಮ ಮನೆಗೂ ಬರುತ್ತವೆ. ಕಲ್ಲಿನ ನಾಗಪ್ಪನಿಗೆ ಹಾಲೆರೆಯುವುದು ಅವರವರ ನಂಬಿಕೆ, ಅದರ ಬಗ್ಗೆ ನನ್ನ ಮಾತಿಲ್ಲ. ಮಾತು ಹಾವಾಡಿಗರ ಬುಟ್ಟಿಯಲ್ಲಿರುವ ಜೀವಂತ ಹಾವಿನದು. ಅದು ಇಲಿ, ಕಪ್ಪೆ ನುಂಗುವ ಪ್ರಾಣಿ. ಹಾಲು ಅದಕ್ಕೆ ಜೀರ್ಣವಾಗುವುದಿಲ್ಲ. ಮತ್ತೆ ಕುಡಿಯುತ್ತದಲ್ಲ ಎನ್ನುತ್ತೀರಾ? ದಿನಗಟ್ಟಲೆ ನೀರು ಕೊಡದೆ ಇಟ್ಟರೆ ಏನು ಕೊಟ್ಟರೂ ಕುಡಿಯುತ್ತದೆ. ಹಲ್ಲು ಕಿತ್ತ ಬಾಯಲ್ಲಿ ಗಾಯ ಬೇರೆ. ಅದನ್ನೇ ಪವಾಡವೆಂದು ನಾವು ಹತ್ತು ರೂಪಾಯಿ ಹಾಕುತ್ತೇವೆ. ಬೇಡಿಕೆ ಇರುವವರೆಗೆ ಪೂರೈಕೆ ನಿಲ್ಲುವುದಿಲ್ಲ, ಇದು ನಮ್ಮ ಕಾಮರ್ಸ್ ಪಾಠವೇ.
ನಾಗರಹಾವು, ಕೇರೆಹಾವು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಇಂಡಿ, ಸಿಂದಗಿಯ ಹೊಲಗಳಲ್ಲಿ ತೊಗರಿ ತಿನ್ನುವ ಇಲಿಗಳೇ ಅದರ ಊಟ, ಬಡಿಸಲು ನಾವು ಬೇಕಿಲ್ಲ. ಈ ಸಲ ಬುಟ್ಟಿ ಬಾಗಿಲಿಗೆ ಬಂದರೆ ಹಾಲೂ ಬೇಡ, ಹಣವೂ ಬೇಡ. ಅರಣ್ಯ ಇಲಾಖೆಗೆ ಒಂದು ಫೋನ್ ಮಾಡಿ.